ಎರಡು ಟಿಕೆಟು, ಒಂದು ಕರಡಿಗೆ

ಕ್ರಿಕೆಟ್ ಎಂದರೆ ನಮ್ಮ ಕಾಕಾಗೆ ಕೆಲಸವಿಲ್ಲದವರ ಕೆಲಸ. ಅಂಥ ಕಾಕಾನನ್ನು ಕಟ್ಟಿಕೊಂಡು ನಾನು ಕೊಲಂಬೊದಲ್ಲಿ ಪಂದ್ಯ ನೋಡಲು ಹೋದೆ. ತೊಂಬತ್ತರ ದಶಕದ ಕೊನೆಯ ಮಾತು. ಕಾಕಾ ಹುಬ್ಬಳ್ಳಿಯಲ್ಲಿ ಉಳ್ಳಾಗಡ್ಡಿ, ಒಣಮೆಣಸಿನಕಾಯಿ ವ್ಯಾಪಾರಿ. ಅವರ ಮಾಲು ಶ್ರೀಲಂಕಾಕ್ಕೂ ಹೋಗುತ್ತಿತ್ತು. ಅಲ್ಲಿಯ ವ್ಯಾಪಾರಿಯನ್ನು ಕಂಡು ಬರಲು ಅವರಿಗೆ ಇಂಗ್ಲಿಷ್ ಬಲ್ಲವನೊಬ್ಬ ಬೇಕಾಗಿದ್ದ. ವಿದ್ಯಾನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ನಾನು ರಜೆ ಹಾಕಿ ಹೊರಟೆ. ನನ್ನದು ಒಂದೇ ಕರಾರು: ಅದೇ ವಾರ ಅಲ್ಲಿ ನಮ್ಮವರ ಪಂದ್ಯವಿದೆ, ಒಂದು ದಿನ ನನಗೆ ಬಿಡಬೇಕು. ನಮ್ಮ ಆರಂಭಿಕ ಬ್ಯಾಟ್ಸ್‌ಮನ್ ಒಬ್ಬನನ್ನು ಕಣ್ಣಾರೆ ನೋಡಬೇಕೆಂಬುದು ಹಲವು ವರ್ಷಗಳ ಆಸೆ. ಟೀವಿಯಲ್ಲಿ ಅವನು ಬ್ಯಾಟು ಹಿಡಿದು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಓಣಿಯಲ್ಲಿ ಕರೆಂಟು ಹೋಗುತ್ತಿತ್ತು.

ಲಾಜಿನಲ್ಲಿ ಒಬ್ಬರೇ ಕೂರಲು ಕಾಕಾ ಒಲ್ಲೆ ಎಂದರು. ಹಾಗಾಗಿ ಅವರಿಗೂ ಒಂದು ಟಿಕೆಟು ತೆಗೆದೆ.

ಆ ದಿನಗಳಲ್ಲಿ ಆ ಊರಿನಲ್ಲಿ ಬಾಂಬಿನ ಭಯ. ಮೈದಾನದ ಗೇಟಿನಲ್ಲಿ ಸಿಪಾಯಿಗಳು ಒಬ್ಬೊಬ್ಬರನ್ನೂ ತಡವಿ ನೋಡಿ ಒಳಗೆ ಬಿಡುತ್ತಿದ್ದರು. ನಾನು ಪಾರಾದೆ. ಕಾಕಾನ ಎದೆಯ ಹತ್ತಿರ ಸಿಪಾಯಿಯ ಕೈಯಲ್ಲಿದ್ದ ಯಂತ್ರ ಕುಂಯ್ ಎಂದಿತು. ಅಂಗಿಯೊಳಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ವಿಮಾನ ನಿಲ್ದಾಣದಲ್ಲಿ ಅಂಗಿ ಸರಿಸಿ ತೋರಿಸಿದ್ದೇ ಸಾಕಾಗಿತ್ತು. ಇಲ್ಲಿ ತೆಗೆದು ಮೇಜಿನ ಮೇಲೆ ಇಡಿ ಎಂದರು. ಮೈಮೇಲಿನ ಲಿಂಗವನ್ನು ಕಾಕಾ ಇನ್ನೊಬ್ಬರ ಕೈಗೆ ಕೊಟ್ಟಾರೇ? ಇದು ದೇವರು ಎಂದು ನಾನು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಷ್ಟೂ ಸಿಪಾಯಿಯ ಸಂಶಯ ಹೆಚ್ಚಾಯಿತು. ಅಷ್ಟರಲ್ಲಿ ಒಳಗೆ ಪಂದ್ಯ ಶುರುವಾಗಿ ಜನ ಕೂಗತೊಡಗಿದರು. ನಮ್ಮವರದೇ ಮೊದಲ ಬ್ಯಾಟಿಂಗ್. ಸಿಟ್ಟು ತಡೆಯಲಾರದೆ ನಾನೇ ಕರಡಿಗೆಗೆ ಕೈ ಹಾಕಿದೆ. ಕಾಕಾ ಎದೆ ಹಿಡಿದುಕೊಂಡು ಹಿಂದೆ ಸರಿದರು. ಅವರು ನನ್ನನ್ನು ಹಾಗೆ ಎಂದೂ ನೋಡಿದ್ದಿಲ್ಲ.

ಕೊನೆಗೊಬ್ಬ ಅಧಿಕಾರಿ ಬಂದ. ನಾವು ಮುಟ್ಟುವುದು ಬೇಡ, ಅವರೇ ತೆರೆದು ತೋರಿಸಲಿ ಎಂದ. ಪುಣ್ಯಾತ್ಮ. ಕಾಕಾ ಎದುರಿನ ಎಳನೀರಿನವನ ಹತ್ತಿರ ನನ್ನಿಂದ ನೀರು ಕೇಳಿಸಿ, ಕೈಕಾಲು ತೊಳೆದು, ಫುಟ್‌ಪಾತಿನ ಮೇಲೆ ಟಾವೆಲ್ಲು ಹಾಸಿ ಕುಳಿತು, ಲಿಂಗವನ್ನು ಎಡಗೈಯಲ್ಲಿಟ್ಟು ತೋರಿಸಿದರು. ಅಧಿಕಾರಿ ಬಗ್ಗಿ ನೋಡಿ, ತಲೆಯಾಡಿಸಿ ಹೋದ. ಅರ್ಧ ನಿಮಿಷದ ಕೆಲಸ.

"ಏಳ್ರಿ ಕಾಕಾ, ಲಗೂ," ಅಂದೆ.

"ಕೈಯಾಗ ಬಂದದ್ದನ್ನ ಪೂಜಾ ಮಾಡದ ಹೆಂಗ ಕಟ್ಟಲೋ? ನೀ ಹೋಗು, ನಾ ಆಮ್ಯಾಲೆ ಬರ್ತೇನಿ."

ಅದು ಅವರ ನೇಮ. ಬೆಳಿಗ್ಗೆ ಲಾಜಿನಲ್ಲಿ ಮುಕ್ಕಾಲು ತಾಸು ಪೂಜೆಯಾಗಿತ್ತು. ಈಗ ಮತ್ತೆ ಮೊದಲಿನಿಂದ. ಕಿಸೆಯಿಂದ ವಿಭೂತಿ ಬಂತು, ಕಣ್ಣು ಮುಚ್ಚಿದವು. ಆಮೇಲೆ ಬರುತ್ತಾರಂತೆ! ಕನ್ನಡ ಮತ್ತು ಮುರುಕು ಹಿಂದಿ ಬಿಟ್ಟರೆ ಏನೂ ಬಾರದ ಮನುಷ್ಯ. ನಾನು ಗೇಟಿನ ಕಡೆ ಹತ್ತು ಹೆಜ್ಜೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ಎರಡೂ ಟಿಕೆಟು ನನ್ನ ಕೈಯಲ್ಲೇ ಬೆವರಿಗೆ ಮೆತ್ತಗಾದವು.

ಎಳನೀರಿನವನ ರೇಡಿಯೋದಲ್ಲಿ ಅರ್ಥವಾಗದ ಭಾಷೆಯ ನಡುವೆ ನನ್ನ ಆಟಗಾರನ ಹೆಸರು ಮೇಲಿಂದ ಮೇಲೆ ಕೇಳುತ್ತಿತ್ತು. ಅವನ ಬ್ಯಾಟಿಗೆ ಚೆಂಡು ತಾಗುವ ಸದ್ದು ಗೋಡೆಯಾಚೆಯಿಂದ ಕೇಳಿಸಿದಂತಾಗುತ್ತಿತ್ತು. ಆಮೇಲೆ ಒಮ್ಮೆಲೇ ಡೋಲು, ತುತ್ತೂರಿ, ಇಡೀ ಮೈದಾನದ ಕೂಗು. ಎಳನೀರಿನವ ನನ್ನತ್ತ ನೋಡಿ ಖುಷಿಯಿಂದ ಒಂದು ಬೆರಳು ಎತ್ತಿದ. ನನ್ನವನು ಔಟಾಗಿದ್ದ. ನನಗೆ ಅಲ್ಲೇ ಕೂತು ಅಳಬೇಕೆನಿಸಿತು. ಕಾಕಾ ಮಾತ್ರ ಕಣ್ಣು ತೆರೆಯಲಿಲ್ಲ.

ಪೂಜೆ ಮುಗಿಸಿ ಒಳಗೆ ಕುಳಿತ ಮೇಲೆ, ಇವರೊಳಗೆ ನಿನ್ನವನು ಯಾರು ಎಂದು ಕೇಳಿದರು. ಹೋದ ಎಂದೆ.

"ನೀ ಒಳಗ ಹೋಗಿರತಿ ಅಂತ ತಿಳಕೊಂಡಿದ್ದೆ," ಅಂದರು. "ಖರೇ ಹೇಳತೇನಿ, ಕಣ್ಣ ತೆರಿಯಾಕ ಅಂಜಿಕಿ ಬಂದಿತ್ತು ನನಗ."

ಆ ಮಾತಿಗೆ ನಾನು ಕರಗಬೇಕಿತ್ತು. ಕರಗಲಿಲ್ಲ, ಹ್ಞೂಂ ಎಂದೆ ಅಷ್ಟೆ. ಇಂದಿಗೂ ನೆನೆದರೆ ಮೊದಲು ಸಿಟ್ಟೇ ಬರುತ್ತದೆ, ನಾಚಿಕೆ ಆಮೇಲೆ.

ಊರಿಗೆ ಮರಳಿದಾಗ ಹೆಂಡತಿ ಹೇಳಿದಳು: ಅವನು ಆಡಿದ ಒಂದೊಂದು ಚೆಂಡನ್ನೂ ಮನೆಮಂದಿಯೆಲ್ಲ ಕೂತು ನೋಡಿದರಂತೆ. ಅವತ್ತು ಕರೆಂಟು ಹೋಗಲೇ ಇಲ್ಲವಂತೆ.