ರೆಪ್ಪೆ ಬಡಿದ ಹೊಂಡ

೧೯೨೬ರಲ್ಲಿ ನಾನು ಶಾಲೆ ಬಿಟ್ಟೆ, ಕನ್ನಡ ನಾಲ್ಕನೆಯ ಇಯತ್ತೆಯಲ್ಲಿ. ಬಿಡಿಸಿದರು ಎನ್ನುವವರಿದ್ದಾರೆ, ಸುಳ್ಳು, ನಾನೇ ಬಿಟ್ಟೆ. ಅಪ್ಪನ ಬಲಗೈಗೆ ಬಾಚಿ ಬಿದ್ದು ಬೆರಳುಗಳು ಸೆಟೆದುಕೊಂಡಿದ್ದವು, ಮನೆಯಲ್ಲಿ ಕರಗಸ ಹಿಡಿಯಲು ಬೇರೆ ಕೈ ಇರಲಿಲ್ಲ. ಹುಬ್ಬಳ್ಳಿಯ ಕಮರಿಪೇಟೆಯ ಓಣಿಯಲ್ಲಿ ಬಾಗಿಲು, ತೊಟ್ಟಿಲು ಮಾಡುತ್ತಲೇ ಬಡಿಗತನ ಕಲಿತೆ. ಮೀಸೆ ಬಲಿಯುವ ಹೊತ್ತಿಗೆ, ದುರ್ಗದಬೈಲಿನ ಆಚೆ ತಗಡಿನ ಥಿಯೇಟರು ಕಟ್ಟಿಕೊಂಡಿದ್ದ ನಾಟಕ ಕಂಪನಿಯೊಂದರಲ್ಲಿ ಸೀನಿನ ಮೇಸ್ತ್ರಿಯಾದೆ.

ಬಂಡೆ ಸೀಳಿ ದೇವಿ ಬರಬೇಕು, ಹುತ್ತ ಒಡೆದು ಋಷಿ ಕಾಣಬೇಕು, ತೊಟ್ಟಿಲು ಸಮೇತ ಕೂಸು ಆಕಾಶಕ್ಕೆ ಹಾರಬೇಕು. ಜನ ಇವಕ್ಕೆ ಟ್ರಾನ್ಸ್‌ಫರ್ ಸೀನು ಎನ್ನುತ್ತಿದ್ದರು, ಅದಕ್ಕಾಗಿಯೇ ಬರುತ್ತಿದ್ದರು. ಮಾಡುವವನು ನಾನು. ಹುಬ್ಬಳ್ಳಿಯಲ್ಲಿ ನನ್ನಂಥ ಇನ್ನೊಬ್ಬನಿರಲಿಲ್ಲ, ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ. ಆದರೆ ಆ ಕೆಲಸದವನಿಗೆ ಒಂದು ರೋಗ ಅಂಟುತ್ತದೆ. ಏನು ನೋಡಿದರೂ ಹಗ್ಗ ಎಲ್ಲಿದೆ, ಎಳೆಯುವವರು ಯಾರು ಎಂದು ಹುಡುಕುತ್ತಾನೆ. ಬೀಗರು ನಗುನಗುತ್ತ ಮಾತಾಡಿದರೂ ನಾನು ಮಾಳಿಗೆಯ ಕಡೆ ನೋಡುತ್ತಿದ್ದೆ.

ಯುದ್ಧ ಮುಗಿದು ಒಂದೆರಡು ವರ್ಷವಾಗಿರಬೇಕು, ಸ್ಟೇಷನ್ ಕಡೆಯ ಬಯಲಿಗೆ ಒಂದು ಟೆಂಟ್ ಸಿನೆಮಾ ಬಂತು. ತಮಿಳು ಚಿತ್ರ. ರೈಲ್ವೆ ವರ್ಕ್‌ಶಾಪಿನ ಮದ್ರಾಸಿಗಳು ನೋಡಿಕೊಂಡು ಹೋಗುತ್ತಾರೆ ಎಂದುಕೊಂಡರೆ, ಆ ಭಾಷೆಯ ಗಂಧವಿಲ್ಲದ ನಮ್ಮ ಜನವೂ ನುಗ್ಗತೊಡಗಿತು. ಕಂಪನಿಯ ಮಾಲಕರೂ ನೋಡಿ ಬಂದರು. ಮರುದಿನ ಬೆಳಿಗ್ಗೆ ನಾನು ರಂಗದ ಹಲಗೆ ಬಡಿಯುತ್ತಿದ್ದಲ್ಲಿಗೆ ಬಂದು ನಿಂತರು.

“ಮೇಸ್ತ್ರಿ, ಆ ರಾಕ್ಷಸನ್ನ ನಮ್ಮ ಸ್ಟೇಜಿನ ಮ್ಯಾಲ ಎಬ್ಬಸ್ತೀರೇನ್ರಿ?”

“ಯಾವ ರಾಕ್ಷಸ್ರಿ?”

“ಗುಡ್ಡದಷ್ಟು ಇದ್ದಾನ್ರಿ. ಟೆಂಟಿನಾಗ ಎದ್ದು ನಿಂತಾನ. ನಿಮಗ ಆಗಂಗಿಲ್ಲ ಅಂದ್ರ ಹೇಳಿಬಿಡ್ರಿ, ಮದ್ರಾಸಿಂದ ಯಾರ್ನರೆ ಕರಸ್ತೇನಿ.”

ಮದ್ರಾಸಿನಿಂದ! ನನ್ನ ಜಾಗಕ್ಕೆ! ಬಾಯಲ್ಲಿದ್ದ ಮೊಳೆ ಉಗುಳಿದೆ. “ಮೊದಲ ನೋಡಿ ಬರ್ತೇನ್ರಿ. ಆಮ್ಯಾಲ ಮಾತು.”

ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ವರ್ಕ್‌ಶಾಪಿನ ಫಿಟರ್ ಒಬ್ಬ ತಮಿಳಿನವ. ಹುಬ್ಬಳ್ಳಿಯ ನೀರು ಕುಡಿದು ಅವನ ಕನ್ನಡ ನಮ್ಮದೇ ಆಗಿತ್ತು. ಮಾತು ಬಿಡಿಸಿ ಹೇಳಲೆಂದು ಅವನನ್ನು ಕರೆದುಕೊಂಡು ಟೆಂಟಿಗೆ ಹೋದೆ. ಚಿತ್ರದಲ್ಲಿ ಒಂದು ಗುಡ್ಡ, ಗುಡ್ಡದ ಮೇಲೊಂದು ಊರು, ಊರ ನಡುವೆ ಹೊಂಡ. ಹೆಂಗಸರು ಹಾಡುತ್ತ ನೀರಿಗೆ ಬಂದರು. ನಾನು ಅವರನ್ನು ಬಿಟ್ಟು ಪರದೆಯ ಅಂಚುಗಳನ್ನೇ ನೋಡುತ್ತಿದ್ದೆ.

“ಏನಂತಾಳ ಅಕಿ?” ಎಂದು ಫಿಟರನನ್ನು ಕೇಳಿದೆ.

“ನೀರು ಇವತ್ತು ಬೆಚ್ಚಗೈತಿ ಅಂತಾಳ.”

“ಅಷ್ಟ ಅಂದ್ಲೋ, ನೀ ಏನರೆ ಸೇರಿಸಿ ಹೇಳಾಕತ್ತೀಯೋ?”

“ಏ ಮಾರಾಯಾ, ಸುಮ್ನ ನೋಡು. ನಿನಗ ಟಿಕೀಟು ದಂಡ.”

ಒಬ್ಬಳು ಕೊಡ ಮುಳುಗಿಸಿದಳು. ಹೊಂಡ ಮುಚ್ಚಿಕೊಂಡಿತು. ಮತ್ತೆ ತೆರೆಯಿತು. ಅದು ಹೊಂಡವಲ್ಲ, ಕಣ್ಣು. ಗುಡ್ಡವೆಂದು ತಿಳಿದು ಜನ ಮನೆ ಕಟ್ಟಿಕೊಂಡದ್ದು ಮಲಗಿದ್ದ ರಾಕ್ಷಸನ ಮುಖದ ಮೇಲೆ. ಅಜ್ಜ ಮುತ್ತಜ್ಜರೆಲ್ಲ ಕುಡಿದು ಬದುಕಿದ್ದು ಅವನ ಕಣ್ಣ ನೀರು.

ನೋಡಿಕೊಂಡರೆ ನನ್ನ ಎರಡೂ ಕಾಲು ಬೆಂಚಿನ ಮೇಲಿದ್ದವು. ನಾನು ಎತ್ತಿಟ್ಟದ್ದಲ್ಲ, ಅವೇ ಬಂದಿದ್ದವು.

“ಯಾಕ, ನೆಲಾನೂ ಕಣ್ಣು ಮಿಟಕಸ್ತದೇನು?” ಎಂದು ಫಿಟರ್ ನಕ್ಕ.

ನನಗೆ ಸಿಟ್ಟು ಬಂತು. ನಾಟಕದವರಿಗೆ ಒಂದು ಖಾತ್ರಿ ಇರುತ್ತದೆ: ಮುಂದೆ ಕೂತವನಿಗೆ ಕಾಣದ ಹಗ್ಗ ರಂಗದ ಪಕ್ಕದಲ್ಲಿ ನಿಂತವನಿಗೆ ಕಂಡೇ ಕಾಣುತ್ತದೆ. ಅದಕ್ಕೇ ಒಂದು ಕಂಪನಿಯ ಮೇಸ್ತ್ರಿಯನ್ನು ಇನ್ನೊಂದು ಕಂಪನಿಯವರು ಪಕ್ಕಕ್ಕೆ ಸುಳಿಯಗೊಡುವುದಿಲ್ಲ. ಮರುದಿನ ಸಂಜೆ ಒಬ್ಬನೇ ಹೋದೆ. ಟೆಂಟಿನ ಬಾಗಿಲು ಕಾಯುವವನ ಕುಂಟು ಸ್ಟೂಲು ರಿಪೇರಿ ಮಾಡಿಕೊಡುತ್ತೇನೆಂದು ಒಪ್ಪಿಸಿ, ಪರದೆಯ ಅಂಚಿಗೇ ಹೋಗಿ ಕೂತೆ. ಅಲ್ಲಿಂದ ಎಲ್ಲರೂ ಈಳಿಗೆಯ ಅಲಗಿನಷ್ಟು ತೆಳ್ಳಗೆ ಕಂಡರೇ ಹೊರತು ಹಗ್ಗ ಕಾಣಲಿಲ್ಲ. ಪರದೆಯ ಹಿಂದೆ ಹೋದೆ. ಅಲ್ಲಿಯೂ ಅದೇ ಊರು, ಅದೇ ಹೊಂಡ.

ಹೊರಗೆ ಬಂದಾಗ ಬಾಗಿಲಿನವ ಕೇಳಿದ: “ಏನ್ರಿ, ಹಿಂದ ರಾಕ್ಷಸ ಸಿಕ್ಕನೇನ್ರಿ?”

“ಹಿಂದಿಂದ ನೋಡಿದ್ರ ಕೊಡ ಬಲಬಗಲಿಂದ ಎಡಬಗಲಿಗೆ ಹೋಗೇತಿ, ಅಷ್ಟ,” ಎಂದೆ.

ಇನ್ನೊಂದು ಸಂಜೆ ಪರದೆಯ ಎದುರಿನ ಬೆಂಚಿಗೇ ಹೋಗಿ ಕೂತಾಗ ಒಂದಿಷ್ಟು ತಿಳಿಯಿತು. ಎದ್ದು ನಿಲ್ಲುವ ರಾಕ್ಷಸ ಕ್ಯಾಮೆರಾದ ಮೋಸ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಣ್ಣಿನ ರೆಪ್ಪೆ ಮಾತ್ರ ಬಡಿಗನದು. ಅದು ಮುಚ್ಚುವಾಗ ಅಂಚಿನ ಹುಲ್ಲು ಅಲುಗಿ ಸಣ್ಣ ಕಲ್ಲುಗಳು ಉರುಳಿದವು. ಯಾರೋ ನಮ್ಮಂಥವನು ಬಿದಿರು ಬಾಗಿಸಿ, ಮಣ್ಣು ಮೆತ್ತಿ, ಹುಲ್ಲು ನೆಟ್ಟಿದ್ದ. ನಮ್ಮ ನಾಟಕದಲ್ಲಿ ಬಂಡೆ ಇಟ್ಟರೆ ಅದು ಸೀಳುತ್ತದೆಂದು ಪಿಟ್ಟಿನಲ್ಲಿ ನೆಲದ ಮೇಲೆ ಕೂತವರಿಗೂ ಮೊದಲೇ ಗೊತ್ತು. ಈ ಮನುಷ್ಯ ಯಾರೂ ಸಂಶಯಪಡದ ನೀರನ್ನು ಹಿಡಿದಿದ್ದ. ಸಂಶಯವೇ ಕಸುಬಾದ ನಾನೂ ಆ ಹೊಂಡವನ್ನು ಸಂಶಯಿಸಿರಲಿಲ್ಲ. ಇಂಥದ್ದನ್ನು ಯೋಚಿಸಲು ತಲೆ ಸ್ವಲ್ಪ ಕೆಟ್ಟಿರಬೇಕು, ಕೈ ಮಾತ್ರ ಕೆಟ್ಟಿರಬಾರದು.

ಮಾಲಕರಿಗೆ ಹೇಳಿದೆ: “ಇಡೀ ರಾಕ್ಷಸ ಆಗಂಗಿಲ್ರಿ. ಒಂದು ಕಣ್ಣು ಮಾಡ್ತೇನಿ.”

“ಮದವಿ ಊಟಕ್ಕ ಕರದು ಬರೇ ಉಪ್ಪಿನಕಾಯಿ ಬಡಿಸಿಧಂಗ ಆತಲ್ರಿ ಮೇಸ್ತ್ರಿ.”

“ನೆಕ್ಕಿ ನೋಡ್ರಿ, ಆಮ್ಯಾಲ ಅನ್ರಿ.”

ಅವರು ಬೇಡವೆನ್ನಲಿಲ್ಲ. ನಾಟಕದೊಳಗೆ ಹೊಂಡದ ಪ್ರವೇಶವೊಂದನ್ನು ಸೇರಿಸಿದರು. ನಾನು ಬಿದಿರಿನ ಸೀಳು ಬಾಗಿಸಿ, ಗೋಣಿತಟ್ಟು ಹೊದಿಸಿ, ಮಣ್ಣು ಮೆತ್ತತೊಡಗಿದೆ. ಆ ದಿನಗಳಲ್ಲೇ ಬಿಳಿ ಪಂಚೆಯ ಅಪರಿಚಿತನೊಬ್ಬ ಮಾಲಕರ ಜೊತೆ ಥಿಯೇಟರಿಗೆ ಬಂದ. ತಮಿಳಿನವ. ಅಳತೆಯ ಪಟ್ಟಿ ಹಿಡಿದು ಹಿಂದಿನ ಗೋಡೆಯಿಂದ ರಂಗದವರೆಗೂ ಅಳೆದ. ಬಂದನಪ್ಪಾ ನನ್ನ ಜಾಗಕ್ಕೆ ಎಂದುಕೊಂಡು, ಕಣ್ಣಿನ ಮೇಲೆ ತಟ್ಟು ಎಳೆದು ಅದಕ್ಕೆ ಅಡ್ಡವಾಗಿ ನಿಂತೆ. ಆದರೂ ಒಂದು ಸಂಗತಿ ಕೊರೆಯಿತು. ಸೀನಿನ ಮನುಷ್ಯ ಎಲ್ಲಿ ಹೋದರೂ ಮೊದಲು ಕತ್ತೆತ್ತಿ ನೋಡುತ್ತಾನೆ, ಹಗ್ಗ ಬಿಗಿಯಲು ತೊಲೆ ಎಲ್ಲಿದೆಯೆಂದು. ಇವನು ಒಮ್ಮೆಯೂ ಮೇಲೆ ನೋಡಲಿಲ್ಲ.

ಮೊದಲ ಪ್ರದರ್ಶನದಲ್ಲಿ ರೆಪ್ಪೆ ಅರ್ಧಕ್ಕೇ ಸಿಕ್ಕಿಕೊಂಡಿತು. “ಕಣ್ಣು ಬ್ಯಾನಿ ಬಂದೈತ್ರೋ, ಹಾಲು ಬಿಡ್ರೋ!” ಎಂದು ಪಿಟ್ಟಿನಿಂದ ಯಾರೋ ಕೂಗಿದರು. ನಾನು ಊಟ ಮಾಡದೆ ಮಲಗಿದೆ. ಮರುದಿನ ತಿರುಗಣಿಗೆ ಔಡಲೆಣ್ಣೆ ಕುಡಿಸಿದೆ. ಅವತ್ತು ರೆಪ್ಪೆ ಸದ್ದಿಲ್ಲದೆ ಮುಚ್ಚಿತು, ತೆರೆಯಿತು. ಖುರ್ಚಿಯಲ್ಲಿದ್ದ ಮುದುಕಿಯೊಬ್ಬಳು “ಎವ್ವಾ!” ಎಂದದ್ದು ಬಿಟ್ಟರೆ ಥಿಯೇಟರಿನಲ್ಲಿ ಕೆಮ್ಮು ಕೂಡ ಕೇಳಲಿಲ್ಲ. ನಾನು ಗೆದ್ದೆ ಎಂದುಕೊಂಡೆ. ಆಟವಿಲ್ಲದ ಸಂಜೆಗಳಲ್ಲಿ ಮಾತ್ರ ಮತ್ತೆ ಮತ್ತೆ ಆ ಟೆಂಟಿಗೆ ಹೋಗುತ್ತಿದ್ದೆ. ನೋಡಬೇಕಾದದ್ದು ಏನೂ ಉಳಿದಿರಲಿಲ್ಲ. ಆ ಹೊಂಡ ಮುಚ್ಚುವುದನ್ನು ಸುಮ್ಮನೆ ನೋಡಬೇಕು ಅನಿಸುತ್ತಿತ್ತು.

ಕೆಲವು ವಾರಗಳಾದ ಮೇಲೆ ಆ ಪಂಚೆಯವ ಮತ್ತೆ ಬಂದ. ಇನ್ನು ತಡೆಯಲಾಗಲಿಲ್ಲ. ಮಾಲಕರ ಕೋಣೆಗೆ ಹೋಗಿ ನಿಂತೆ.

“ಕಣ್ಣು ಮಾಡಿ ಕೊಟ್ಟ ಮ್ಯಾಲೂ ನನ್ನ ಜಾಗಾಕ್ಕ ಮದ್ರಾಸಿನವನ್ನ ತರಾಕತ್ತೀರೇನ್ರಿ?”

ಮಾಲಕರು ಮುಖವೆತ್ತಲಿಲ್ಲ. “ನಿಮ್ಮ ಜಾಗಾಕ್ಕಲ್ರಿ ಮೇಸ್ತ್ರಿ. ನಮ್ಮೆಲ್ಲಾರ ಜಾಗಾಕ್ಕ. ಆಂವ ಸಿನೆಮಾ ಮಷೀನ್ ಹಚ್ಚಾಂವ. ದೀಪಾವಳಿಯಿಂದ ಇಲ್ಲಿ ನಾಟಕ ಬಂದ್.”

“ಹಂಗಿದ್ರ ಕಣ್ಣು ಯಾಕ ಮಾಡಿಸಿದ್ರಿ?”

“ಅದರಿಂದ ಥಿಯೇಟರ್ ತುಂಬಿದ್ರ ಇವನ್ನ ವಾಪಸ್ ಕಳಸೂಣು ಅಂತಿದ್ದೆ. ಖುರ್ಚಿ ತುಂಬಿದ್ವು. ಪಿಟ್ ತುಂಬಲಿಲ್ಲ.”

“ಪಿಟ್ಟಿನ ಮಂದಿ ಎಲ್ಲಿಗೆ ಹೋತು?”

“ಟೆಂಟಿಗೆ. ನೀವೂ ಅಲ್ಲೇ ಇರ್ತಿದ್ರಂತಲ್ರಿ, ನಿಮಗ ಗೊತ್ತಿರಬೇಕು.”

ಕಣ್ಣಿಗೊಂದು ಅವಕಾಶ ಕೊಟ್ಟೆನೆಂಬ ಅವರ ಮಾತನ್ನು ಇವತ್ತಿಗೂ ನಾನು ಪೂರ್ತಿ ನಂಬಿಲ್ಲ. ಕಣ್ಣು ರಂಗಕ್ಕೆ ಬರುವ ಮೊದಲೇ ಮಷೀನಿನವನ ಅಳತೆಯ ಪಟ್ಟಿ ಬಿಚ್ಚಿತ್ತು. “ಪರದೆಯ ಚೌಕಟ್ಟು ನೀವೇ ಮಾಡ್ರಿ, ಕೆಲಸ ಉಳೀತೈತಿ,” ಎಂದರು. ಅವರ ಉಪಕಾರ ನನಗೆ ಬೇಕಿರಲಿಲ್ಲ. ನನ್ನ ಹತ್ಯಾರುಗಳನ್ನು ಚೀಲಕ್ಕೆ ಹಾಕಿಕೊಂಡು ಊರಂಚಿನ ಬೆಂಗೇರಿಗೆ ನಡೆದೆ. ಆ ಥಿಯೇಟರಿಗೆ ತಮಿಳಿನ ಅಂಥ ವಿಚಿತ್ರ ಚಿತ್ರ ಬಂದಾಗಲೆಲ್ಲ ನನ್ನ ಟಿಕೀಟು ನಾನೇ ಕೊಂಡು ಹೋಗಿದ್ದೇನೆ, ಮಾಲಕರು ಬಾಗಿಲಲ್ಲಿ ಸಿಕ್ಕರೆ ಮಾತಾಡಿಲ್ಲ.

ಈಗ ಬೆಂಗೇರಿಯಲ್ಲಿ ತಗಡು ಹೊದಿಸಿದ ನನ್ನದೊಂದು ಬಡಿಗತನದ ಕಾರ್ಖಾನೆ ಇದೆ. ಎರಡು ದೊಡ್ಡ ಕರಗಸ, ಮೂರು ಉಜ್ಜುಗೊರಡು, ಕೆಲಸಕ್ಕೆ ನಾಲ್ಕು ಜನ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ, ಒಂದು ಎಮ್ಮೆ. ನಾಟಕದ ಸಾಮಾನು ಒಂದೂ ಇಲ್ಲ.