ಬಾಟಲಿ ಬೇಡವೆಂದ ಮೇಲೆ

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್ ರಿಪೇರಿಗೆಂದು ನಾನು ಹಾನುಬಾಳಿನ ಸುತ್ತ ತೋಟ ತೋಟ ತಿರುಗುತ್ತಿದ್ದ ಕಾಲ. ಹೋದಲ್ಲೆಲ್ಲ ಮರ್ಯಾದೆ ಅಂದರೆ ಕೋಲಾ ಬಾಟಲಿ. ತಾವೇ ಬೆಳೆದ ಕಾಫಿಯನ್ನು ಬಂದವರಿಗೆ ಕೊಡುವುದು ತೋಟದವರಿಗೆ ಸಪ್ಪೆ ಅನಿಸುತ್ತಿತ್ತು. ಊಟದ ಮೇಲಿನ ತೂಕಡಿಕೆ ಓಡಿಸಲು ನಾನೂ ಕುಡಿಯುತ್ತಿದ್ದೆ. ಆಮೇಲೆ ಸಂಜೆವರೆಗೂ ತೇಗು, ಎದೆಯುರಿ.

ಒಂದು ದಿನ ತಡೆಯಲಾರದೆ, ರಿಪೇರಿಗೆ ಹೋಗಿದ್ದ ತೋಟದ ಮನೆಯ ಹಿರಿಯಮ್ಮನಿಗೆ ಹೇಳಿಯೇಬಿಟ್ಟೆ: "ಅಮ್ಮಾ, ಬಾಟಲಿ ಬೇಡ. ಒಂದು ಲೋಟ ಕಾಫಿ ಕೊಡಿ."

ಅವರ ಮುಖ ಸಣ್ಣದಾಯಿತು. "ಒಳ್ಳೆ ಬೀಜ ಎಲ್ಲಾ ಮಾರೋಕೆ ಹೋಯ್ತದೆ ಕಣಪ್ಪ. ನಾವು ಕುಡಿಯೋದು ಆರಿಸಿ ಬಿಟ್ಟ ಒಡಕು ಬೀಜದ್ದು. ಅದನ್ನ ನಿಂಗೆಂಗೆ ಕೊಡ್ಲಿ?"

"ಅದನ್ನೇ ಕೊಡಿ."

ಹಾಲಿಲ್ಲದ ಬೆಲ್ಲದ ಕಾಫಿ ಬಂತು. ಕುಡಿದೆ. ನಿದ್ದೆ ಹಾರಿಹೋಯಿತು, ಹೊಟ್ಟೆಯೂ ತಕರಾರು ಮಾಡಲಿಲ್ಲ.

ಮುಂದಿನ ವಾರ ಪಕ್ಕದ ತೋಟಕ್ಕೆ ಹೋದರೆ ಕೇಳುವ ಮೊದಲೇ ಕಾಫಿ! ಖುಷಿಯಿಂದ ಗುಟುಕರಿಸಿದೆ. ಬರೀ ಕಹಿ.

"ಬೆಲ್ಲ ಹಾಕಿಲ್ಲ ಕಣ್ರೀ," ಯಜಮಾನರು ದನಿ ತಗ್ಗಿಸಿ ಹೇಳಿದರು. "ನಿಮ್ಗೆ ಸಕ್ಕರೆ ಕಾಯ್ಲೆ ಐತಂತೆ, ಅದ್ಕೇ ಬಾಟ್ಲಿ ಮುಟ್ಟಲ್ವಂತೆ. ಊರಿಗೆಲ್ಲ ಗೊತ್ತಾಗ್ಬುಟ್ಟೈತೆ."

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ಆದರೆ ಹಾಗೆಂದು ಹೇಳಿದರೆ ಒಳಗಿಂದ ಮತ್ತೆ ಬಾಟಲಿ ಬರುತ್ತದೆ. ಹೌದೆಂದು ತಲೆಯಾಡಿಸಿ, ಇನ್ನೊಂದು ಲೋಟ ಕೇಳಿದೆ.