ಸುಣ್ಣ ಹಚ್ಚಿದ ಐದು ಕಲ್ಲು

ಆ ಕಲ್ಲು ಎತ್ತಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವತ್ತು ಮೊದಲು ದನಗಳ ಮೇಲೆ ಅನುಮಾನ ಪಟ್ಟರು. ದನ ಪಾಪ, ತನ್ನ ಪಾಡಿಗೆ ತಾನು ಮೇಯುತ್ತಿತ್ತು.

ನಾನು ಓದಿದ್ದು ಮೂರನೇ ಇಯತ್ತೆ. ಹುಮನಾಬಾದ್ ಹತ್ತಿರದ ನಮ್ಮೂರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತೇನೆ. ಮೊಮ್ಮಗಳು ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಅವಳಿಗೆ ಗೈಡ್ ಹುಚ್ಚು. ಗಂಡುಹುಡುಗರಾದರೆ ಸ್ಕೌಟ್ ಅನ್ನುತ್ತಾರೆ, ಹೆಣ್ಣುಮಕ್ಕಳಾದರೆ ಗೈಡ್. ಕೆಲಸ ಎರಡರದೂ ಒಂದೇ, ಸೀಟಿ ಊದಿದ ಕಡೆಗೆ ಓಡುವುದು.

ಆ ಚಳಿಗಾಲವೆಲ್ಲ ನಮ್ಮ ಮನೆಯಲ್ಲಿ ಕಟ್ಟದೆ ಉಳಿದ ವಸ್ತುವಿಲ್ಲ. ಎಮ್ಮೆಯ ಹಗ್ಗಕ್ಕೆ ಎಂಥದೋ ಗಂಟು ಹಾಕಿ, ಇದು ಎಷ್ಟು ಎಳೆದರೂ ಜಾರುವುದಿಲ್ಲ ಎಂದು ತೋರಿಸಿದಳು. ಜಾರಲಿಲ್ಲ, ಖರೆ. ಬಿಚ್ಚಲೂ ಬರಲಿಲ್ಲ. ಕುಡುಗೋಲಿನಿಂದ ಕೊಯ್ಯಬೇಕಾಯಿತು. ಒಂದು ಮಧ್ಯಾಹ್ನ ನನ್ನ ಗಂಡ ಹೊರಸಿನ ಮೇಲೆ ಮಲಗಿದ್ದಾಗ ಅವನ ಬಲಗೈಯನ್ನು ಮೂರು ಮೂಲೆಯ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿದಳು, ತಲೆಗೂ ಪಟ್ಟಿ ಸುತ್ತಿದಳು. ಆತ ಎದ್ದವನೇ ಹಾಗೇ ಚಹಾದಂಗಡಿಗೆ ಹೋದ. ಊರೆಲ್ಲ ಕೇಳಿತು, ಏನಾಯಿತು ಮುತ್ಯಾ, ಎಲ್ಲಿ ಬಿದ್ದಿ ಎಂದು. ಇಷ್ಟು ಜನ ತನ್ನನ್ನು ವಿಚಾರಿಸಿದ್ದು ಅವನಿಗೆ ಎಷ್ಟು ಹಿಡಿಸಿತೆಂದರೆ ದೀಪ ಹಚ್ಚುವ ಹೊತ್ತಿನವರೆಗೂ ಪಟ್ಟಿ ಬಿಚ್ಚಲಿಲ್ಲ.

ನಗುವುದೆಲ್ಲ ನಗುವುದೇ, ಆದರೆ ಹುಡುಗಿಗೆ ಒಳಗೊಂದು ಕುದಿ ಇತ್ತು. ಹಿಂದಿನ ವರ್ಷ ಗೈಡ್ ಶಿಬಿರದ ಪರೀಕ್ಷೆಯಲ್ಲಿ ಅವಳು ನಪಾಸಾಗಿದ್ದಳು. ಗಂಟು, ಪಟ್ಟಿ, ಅಡುಗೆ ಎಲ್ಲ ಪಾಸು. ದಾರಿ ಹುಡುಕುವುದರಲ್ಲಿ ಮಾತ್ರ ತನ್ನ ತಂಡದ ಐದು ಹುಡುಗಿಯರನ್ನು ಕಬ್ಬಿನ ಹೊಲದೊಳಗೆ ನುಗ್ಗಿಸಿ, ಎರಡು ತಾಸಿನ ಮೇಲೆ ಹೆದ್ದಾರಿಗೆ ತಂದು ನಿಲ್ಲಿಸಿದ್ದಳು. ಮೈತುಂಬ ರವದಿಯ, ಅಂದರೆ ಕಬ್ಬಿನ ಒಣಗರಿಯ ಗೀರು. ಇಡೀ ವರ್ಷ ಶಾಲೆಯ ಹುಡುಗರು ಅವಳನ್ನು ಕಂಡರೆ, ಕಬ್ಬು ಎಲ್ಲಿ ಸಿಗ್ತದ ಎಂದು ಕೇಳುತ್ತಿದ್ದರು. ಹತ್ತನೇ ತರಗತಿಯವರನ್ನು ನಮ್ಮ ಶಾಲೆಯಲ್ಲಿ ಶಿಬಿರಕ್ಕೆ ಕಳಿಸುವುದಿಲ್ಲ. ಈ ಸಲ ತಪ್ಪಿದರೆ ಮುಗಿಯಿತು, ಪಾಸಾದವರು ತೋಳಿನ ಮೇಲೆ ಹಚ್ಚಿಕೊಳ್ಳುವ ಬಿಲ್ಲೆ ಎಂದಿಗೂ ಬರುವುದಿಲ್ಲ.

ಶಿಬಿರ ನಡೆದದ್ದು ಬಸವಕಲ್ಯಾಣದ ಹೊರಗೆ, ಹೊಲಗಳ ನಡುವಿನ ಒಂದು ಶಾಲೆಯಲ್ಲಿ. ನಾಲ್ಕಾರು ಶಾಲೆಗಳ ಮಕ್ಕಳು, ಎರಡು ದಿನ. ಅಡುಗೆಗೆ ಕೈ ಬೇಕು ಎಂದು ನಮ್ಮ ಗೈಡ್ ಮೇಡಂ ನನ್ನನ್ನೂ ಕರೆದರು. ಮೊಮ್ಮಗಳು ಮುಖ ಊದಿಸಿಕೊಂಡಳು. ಬಂದರೆ ಬಾ, ನನ್ನನ್ನು ಗುರುತು ಹಿಡಿದವಳ ಹಾಗೆ ಮಾಡಬೇಡ ಅಂದಳು. ನನಗೂ ಅದೇ ಬೇಕಾಗಿತ್ತು. ಇಬ್ಬರೂ ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ಹೋದೆವು.

ಪರೀಕ್ಷೆ ತೆಗೆದುಕೊಳ್ಳುವವರು ಒಬ್ಬ ನಿವೃತ್ತ ಮಾಸ್ತರು. ಒಣಗಿದ ತೊಗರಿ ಕಟ್ಟಿಗೆಯಂಥ ಮೈ, ಕೊರಳಲ್ಲಿ ಸೀಟಿ. ಎಲ್ಲರೂ ಅವರಿಗೆ ದೊಡ್ಡ ಸರ್ ಅನ್ನುತ್ತಿದ್ದರು. ಮೊದಲ ದಿನ ಎರಡೇ ಕಡ್ಡಿಯಲ್ಲಿ ಒಲೆ ಹೊತ್ತಿಸಬೇಕು, ಪಾತ್ರೆ ಇಲ್ಲದೆ ಅಡುಗೆ ಮಾಡಬೇಕು. ಕೆಂಡದ ಮೇಲೆ ಬದನೆಕಾಯಿ ಸುಟ್ಟರು, ಕಲ್ಲಿನ ಮೇಲೆ ರೊಟ್ಟಿ ಬೇಯಿಸಿದರು. ಒಂದು ಹುಡುಗರ ತಂಡದ ರೊಟ್ಟಿಯನ್ನು ಗೋಡೆಗೆ ಬಡಿದರೆ ಗೋಡೆ ಸೀಳುವ ಹಾಗಿತ್ತು. ದೊಡ್ಡ ಸರ್ ಅದನ್ನೂ ಮುರಿದು, ಅಗಿದು, ನುಂಗಿ, ಅಂಕ ಬರೆದರು. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಎರಡನೇ ದಿನ ದಾರಿಯ ಪರೀಕ್ಷೆ. ಮಕ್ಕಳನ್ನು ನಸುಕಿನಲ್ಲೇ ಟೆಂಪೋದಲ್ಲಿ ಸುತ್ತುಬಳಸಿ ಕರೆದೊಯ್ದು ದೂರದಲ್ಲಿ ಇಳಿಸಿದ್ದರು. ಕೈಯಲ್ಲೊಂದು ದಿಕ್ಸೂಚಿ, ಒಂದು ಚೀಟಿ. ಈ ದಾರಿಗೆ ನಮ್ಮ ಹುಡುಗಿಯರ ತಂಡ ಮೊದಲು, ಅರ್ಧ ತಾಸು ಬಿಟ್ಟು ಒಂದು ಹುಡುಗರ ತಂಡ; ಉಳಿದ ತಂಡಗಳಿಗೆ ಬೇರೆ ದಾರಿ. ಹುಡುಗಿಯರು ಹನ್ನೊಂದು ಗಂಟೆಯೊಳಗೆ, ಹುಡುಗರು ಹನ್ನೊಂದೂವರೆಯೊಳಗೆ ಶಾಲೆಗೆ ಬಂದು ಮುಟ್ಟಬೇಕು. ಇಷ್ಟು ನನಗೆ ಗೊತ್ತಿತ್ತು. ದಾರಿಯಲ್ಲಿ ಗುರುತು ಇಟ್ಟಿರುತ್ತಾರೆ ಎಂಬುದು ಗೊತ್ತಿರಲಿಲ್ಲ.

ನಾನು ಬೆಳಿಗ್ಗೆ ಕಡಲೆ ಸೊಪ್ಪು ಚಿವುಟಿಕೊಂಡು ಬರಲು ಹೊರಟೆ. ಹೊಲದವರನ್ನು ಹಿಂದಿನ ದಿನವೇ ಕೇಳಿದ್ದೆ. ಶಾಲೆಯ ಹಿಂದೆ ಒಂದು ದಿಬ್ಬ, ದಿಬ್ಬದಾಚೆ ತೊಗರಿ ಹೊಲ, ಅದರ ತಲೆಗೆ ಕಾಲುದಾರಿ ಎರಡಾಗಿ ಒಡೆಯುತ್ತದೆ. ಒಂದು ದಿಬ್ಬ ಹತ್ತಿ ಶಾಲೆಗೆ ಬರುತ್ತದೆ, ಇನ್ನೊಂದು ಹೆದ್ದಾರಿಗೆ ಹೋಗುತ್ತದೆ. ಅಲ್ಲಿ ನಿಂತರೆ ಶಾಲೆ ಕಾಣುವುದಿಲ್ಲ. ಉಡಿಯಲ್ಲಿ ಸೊಪ್ಪು ತುಂಬಿಕೊಂಡು ವಾಪಸ್ ಬರುವಾಗ ಸರಿಯಾಗಿ ಆ ಕವಲಿನಲ್ಲಿ, ಕಾಲು ತುಳಿಯುವ ದಾರಿಯ ಮೇಲೆ ಐದು ಕಲ್ಲು ಬಿದ್ದಿದ್ದವು. ಐದಕ್ಕೂ ಸುಣ್ಣ.

ನಮ್ಮ ಕಡೆ ಎಳ್ಳಮವಾಸ್ಯೆಗೆ ಹೊಲದಲ್ಲಿ ಜೋಳದ ಕಣಿಕೆಯ ಗೂಡು ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಇಟ್ಟು ಪೂಜೆ ಮಾಡುತ್ತೇವೆ. ಅಮವಾಸ್ಯೆ ಆಗಿ ಹತ್ತು ದಿನವಾಗಿತ್ತು. ಯಾರೋ ಗೂಡು ಕಿತ್ತವರು ದೇವರನ್ನು ದಾರಿಗೆ ಎಸೆದು ಹೋಗಿದ್ದಾರೆ ಅಂದುಕೊಂಡೆ. ಮನಸ್ಸಿನಲ್ಲೇ ಅವರಿಗೆ ಒಂದೆರಡು ಮಾತು ಅಂದೆ ಕೂಡ. ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಕ್ಕದ ಬೇವಿನ ಗಿಡದ ಬುಡಕ್ಕೆ ಒಯ್ದು, ಸಾಲಾಗಿ, ಮೂಡಲಕ್ಕೆ ಮುಖ ಮಾಡಿ ಇಟ್ಟೆ. ಐವರಿಗೂ ಒಂದೊಂದು ಕಡಲೆಯ ಕುಡಿ ಇಟ್ಟು ಕೈ ಮುಗಿದೆ. ಸುಣ್ಣ ಕೈಗೆ ಮೆತ್ತಿತು, ಸೆರಗಿಗೆ ಒರೆಸಿಕೊಂಡೆ. ಹತ್ತು ದಿನದ ಸುಣ್ಣ ಇನ್ನೂ ಹಸಿ ಹೇಗಿರುತ್ತದೆ ಎಂದು ಅಲ್ಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಪುಣ್ಯದ ಕೆಲಸ ಮಾಡಿದೆನೆಂಬ ಖುಷಿಯಲ್ಲಿ ಬುದ್ಧಿ ಕೆಲಸ ಮಾಡುವುದಿಲ್ಲ.

ಹತ್ತೂಮುಕ್ಕಾಲರ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ದೊಡ್ಡ ಸರ್ ಮತ್ತು ಗೈಡ್ ಮೇಡಂ ಒಲೆಯ ಹತ್ತಿರವೇ ಚಹಾ ಕುಡಿಯುತ್ತಿದ್ದರು. ಇಷ್ಟೊತ್ತಿಗೆ ಹುಡುಗಿಯರು ದಿಬ್ಬದ ಮೇಲೆ ಕಾಣಬೇಕಿತ್ತಲ್ಲ ಎಂದು ಮೇಡಂ ಕೇಳಿದರು. ದಾರಿಯ ಗುರುತನ್ನು ದನ ಏನಾದರೂ ಒದ್ದಿರಬಹುದೇ ಎಂಬುದು ಅವರ ಅನುಮಾನ. ದೊಡ್ಡ ಸರ್ ಒಪ್ಪಲಿಲ್ಲ. ಚೀಟಿಯಲ್ಲಿ ಕವಲಿನವರೆಗೆ ಮಾತ್ರ ಬರೆದಿದೆ, ಅಲ್ಲಿಂದ ಬಾಣದ ಗುರುತು ನೋಡಿಯೇ ತಿರುಗಬೇಕು, ನಾನೇ ನಸುಕಿನಲ್ಲಿ ಐದು ಕಲ್ಲು ಬಾಣದ ಹಾಗೆ ಜೋಡಿಸಿ ದೂರಕ್ಕೂ ಕಾಣಲಿ ಎಂದು ಸುಣ್ಣ ಹಚ್ಚಿ ಬಂದಿದ್ದೇನೆ ಎಂದರು.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ಸೆರಗು ನೋಡಿಕೊಂಡೆ. ಬಿಳಿ ಬಿಳಿ.

ಸುಮ್ಮನೆ ಇರಬಹುದಿತ್ತು. ದನದ ತಲೆಗೆ ಕಟ್ಟಿದರೆ ದನವೇನು ಬಂದು ಇಲ್ಲ ಅನ್ನುತ್ತಿರಲಿಲ್ಲ. ಆದರೆ ಅಲ್ಲಿ ಕವಲಿನಲ್ಲಿ ನಿಂತವಳು ನನ್ನ ಹುಡುಗಿ. ಮೊಮ್ಮಗಳಿಗೆ ಅನುಕೂಲ ಮಾಡಲು ಹೋಗಿದ್ದಳು ಮುದುಕಿ ಎಂದು ನಾಳೆ ಯಾರಾದರೂ ಅಂದರೆ ಅವಳಿಗೆ ಬಿಲ್ಲೆ ಬಂದರೂ ಬಂದ ಹಾಗಲ್ಲ.

"ಸರ್ರ, ಆ ಐದು ಕಲ್ಲು ನಾ ಎತ್ತೀನ್ರಿ."

ಅವರು ಕಪ್ಪು ಕೆಳಗಿಟ್ಟರು. "ಎತ್ತಿ ಎಲ್ಲಿ ಇಟ್ರಿ?"

"ಬೇವಿನ ಗಿಡದ ಬುಡಕ. ಪಾಂಡವ್ರು ಅನ್ಕೊಂಡ್ನಿ. ಮೂಡಲಕ್ಕ ಮಾರಿ ಮಾಡಿ ಕುಂದ್ರಿಸೀನಿ."

"ಪೂಜಾನೂ ಮಾಡಿದ್ರ್ಯಾ?"

"ಹೌದ್ರಿ. ಖಾಲಿ ಕೈಲೆ ಹ್ಯಾಂಗ ಬಿಡೂದು."

ಮೇಡಂ ಮುಖ ಆ ಕಡೆ ತಿರುಗಿಸಿದರು. ನಗುತ್ತಿದ್ದರೋ ಅಳುತ್ತಿದ್ದರೋ ಬೆನ್ನು ನೋಡಿದರೆ ತಿಳಿಯಲಿಲ್ಲ. ನಾನು ಕೈ ತೊಳೆದು ಎದ್ದೆ, ಓಡಿ ಹೋಗಿ ಕಲ್ಲು ಮೊದಲಿನ ಹಾಗೆ ಇಟ್ಟು ಬರುತ್ತೇನೆ ಎಂದು. ದೊಡ್ಡ ಸರ್ ಕೂಡಿಸಿದರು. ಅವಳು ನನ್ನ ಮೊಮ್ಮಗಳೆಂದು ಮೇಡಂ ಅವರಿಗೆ ಮೊದಲೇ ಹೇಳಿದ್ದರು.

"ಆಯಿ, ನೀವು ಆ ಕಡಿ ಒಂದು ಹೆಜ್ಜಿ ಇಟ್ರ ನಿಮ್ಮ ಮೊಮ್ಮಗಳು ಫೇಲ್. ದಾರಿ ತೋರಸಾಕ ಹೋದಂಗ ಆಗ್ತದ. ಸುಮ್ಮ ರೊಟ್ಟಿ ಬಡೀರಿ."

ಹೆದ್ದಾರಿಯ ಕಡೆ ಒಬ್ಬ ಮಾಸ್ತರರನ್ನು ಕಾವಲು ನಿಲ್ಲಿಸಿದ್ದರು. ಅವರಿಗೆ ಫೋನ್ ಮಾಡಿದರೆ ಇಲ್ಲಿ ಯಾರೂ ಬಂದಿಲ್ಲ ಅಂದರು. ಅಂದರೆ ಮಕ್ಕಳು ಅಲ್ಲೇ ಎಲ್ಲೋ ನಿಂತಿದ್ದಾರೆ. ನಾನು ರೊಟ್ಟಿ ಬಡಿದೆ. ಕಣ್ಣು ದಿಬ್ಬದ ಮೇಲೆ, ಕೈ ಹಿಟ್ಟಿನ ಮೇಲೆ. ಅವತ್ತಿನ ರೊಟ್ಟಿಗಳು ಹುಡುಗರು ಹಿಂದಿನ ದಿನ ಮಾಡಿದ್ದಕ್ಕಿಂತ ದಪ್ಪಗಿದ್ದವು. ಯಾರೂ ನನಗೆ ಅಂಕ ಕೊಡುವವರಿರಲಿಲ್ಲ, ಬಚಾವಾದೆ.

ಹನ್ನೊಂದು ಬಡಿಯಿತು. ದೊಡ್ಡ ಸರ್ ಗಡಿಯಾರ ನೋಡಿ ಏನೋ ಬರೆದುಕೊಂಡರು. ನಾನು ಆ ಪೆನ್ನಿನ ಕಡೆ ನೋಡಲಿಲ್ಲ.

ಎಂಟು ನಿಮಿಷ ಕಳೆದ ಮೇಲೆ ದಿಬ್ಬದ ನೆತ್ತಿಯಲ್ಲಿ ಗೈಡ್ ಅಂಗಿಯ ನೀಲಿ ಕಂಡಿತು. ಒಂದು, ಎರಡು, ಆರು. ಎಲ್ಲರಿಗಿಂತ ಮುಂದೆ ನಮ್ಮವಳು, ಸಾಲು ಕೆಡದಂತೆ ನಡೆಸಿಕೊಂಡು ಬರುತ್ತಿದ್ದಳು. ಬಂದು ಸಲಾಮು ಹೊಡೆದು ನಿಂತಳು. ಅಲ್ಲೇ ಕೂತ ನನ್ನನ್ನು ಹೇಳಿದ ಮಾತಿನ ಪ್ರಕಾರ ಗುರುತು ಹಿಡಿಯಲಿಲ್ಲ.

ಎಂಟು ನಿಮಿಷ ತಡ ಯಾಕೆ ಎಂದು ದೊಡ್ಡ ಸರ್ ಕೇಳಿದರು. ಅವಳು ಹೇಳಿದ್ದು ಹೀಗೆ. ಕವಲಿಗೆ ಬಂದಾಗ ಬಾಣ ಇರಲಿಲ್ಲ. ಇಬ್ಬರು ಹೆದ್ದಾರಿಯ ಕಡೆ ಹೋಗೋಣ ಅಂದರು, ಒಬ್ಬಳು ಅಳಲು ಶುರುಮಾಡಿದಳು. ಯಾರೂ ಕಾಲು ಕೀಳಬೇಡಿ ಎಂದು ಇವಳು ಎಲ್ಲರನ್ನೂ ಇದ್ದಲ್ಲೇ ಕೂಡಿಸಿ ನೆಲ ನೋಡಿದಳು. ಮಣ್ಣಿನ ಮೇಲೆ ಐದು ಬಿಳಿ ಕಲೆ ಇದ್ದವು, ಹಸಿ ಸುಣ್ಣ ಅಂಟಿದ್ದು. ಮೂರು ಒಂದು ಗೆರೆಯಲ್ಲಿ, ಎರಡು ಅಕ್ಕಪಕ್ಕ, ಬಾಣದ ಹಾಗೆ, ದಿಬ್ಬದ ಕಡೆ ಮೂತಿ ಮಾಡಿ. ಆದರೂ ನಂಬಿಕೆ ಬರಲಿಲ್ಲ, ಕಲ್ಲು ಎಲ್ಲಿ ಹೋದವು ಎಂದು ಸುತ್ತ ನೋಡಿದಳು. ಬೇವಿನ ಬುಡದಲ್ಲಿ ಸಾಲಾಗಿ ಕೂತಿದ್ದವು, ಒಂದೊಂದರ ಮುಂದೆ ಕಡಲೆಯ ಕುಡಿ.

"ಅದನ್ನ ನೋಡಿದ ಕೂಡ್ಲೇ ಗೊತ್ತಾತ್ರಿ ಸರ್," ಅಂದಳು. "ಕಡ್ಲಿ ಕುಡಿ ಇಟ್ಟು ಪಾಂಡವರನ್ನ ಕುಂದ್ರಸೋದು ನಮ್ಮ ಆಯಿ ಒಬ್ಬಾಕೇ. ಅಕಿ ಇಲ್ಲಿ ಸೊಪ್ಪು ಹರದು ಹೋಗ್ಯಾಳ ಅಂದ್ರ ಶಾಲಿ ಹತ್ರನೇ ಅದ. ಅಕಿ ದೂರ ನಡಿಯೋ ಪೈಕಿ ಅಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲಿಗೆ ಗುರುತು ಹಿಡಿಯದ ಕರಾರು ಮುರಿಯಿತು. ನಾನೂ ಬಿಡಲಿಲ್ಲ.

"ನಡಿಯೋ ಪೈಕಿ ಅಲ್ಲಂತ. ನಿನ್ನಂಗ ಕಬ್ಬಿನಾಗ ತಿರಗಾಡೋ ಪೈಕಿ ಅಲ್ಲ ಅನ್ನು."

ಹುಡುಗಿಯರು ಬಾಯಿಗೆ ಕೈ ಇಟ್ಟು ನಕ್ಕರು. ದೊಡ್ಡ ಸರ್ ನಗಲಿಲ್ಲ. ದಾರಿ ತಿಳಿದ ಮೇಲೆ ಇಷ್ಟು ತಡ ಯಾಕಾಯಿತು ಎಂದು ಮತ್ತೆ ಕೇಳಿದರು. ಹಿಂದೆ ಬರುವ ಹುಡುಗರಿಗೆ ಗುರುತು ಬೇಕಲ್ಲ, ಅಷ್ಟರೊಳಗೆ ನಮ್ಮ ಕಾಲಿಗೆ ಸುಣ್ಣದ ಕಲೆ ಅಳಿಸಿಹೋಗಿತ್ತು ಅಂದಳು. ಬೇವಿನ ಬುಡದ ಕಲ್ಲುಗಳನ್ನೇ ತರೋಣವೆಂದರೆ ಪೂಜೆಯಾದ ದೇವರನ್ನು ಎತ್ತಬಾರದು ಎಂದು ತಂಡದಲ್ಲಿ ಜಗಳ ಬಿತ್ತಂತೆ. ಕೊನೆಗೆ ಬದುವಿನಿಂದ ಬೇರೆ ಐದು ಕಲ್ಲು ಹುಡುಕಿ ತಂದು, ಬಾಣ ಮಾಡಿಟ್ಟು ಬಂದಿದ್ದರು.

ದೊಡ್ಡ ಸರ್ ದಿಬ್ಬ ನೋಡುತ್ತಾ ಕೂತರು. ಇಪ್ಪತ್ತು ನಿಮಿಷಕ್ಕೆ ಹುಡುಗರು ಇಳಿದು ಬಂದರು. ಕವಲಿನಲ್ಲಿ ಏನು ಕಂಡಿತು ಎಂದು ಕೇಳಿದರೆ, ಬಾಣ ಕಂಡಿತು, ಬಂದೆವು ಅಂದರು. ಬೇವಿನ ಗಿಡದ ಕಡೆ ಒಬ್ಬನೂ ನೋಡಿರಲಿಲ್ಲ. ಆಗ ದೊಡ್ಡ ಸರ್ ಪೆನ್ನು ತೆಗೆದರು. ತಡ ಮಾಡಿದ್ದಕ್ಕೆ ನಮ್ಮವರ ಎರಡು ಅಂಕ ಕತ್ತರಿಸಿದರು, ಅದನ್ನು ಬಿಡುವ ಮನುಷ್ಯನಲ್ಲ. ಉಳಿದದ್ದೆಲ್ಲ ಪೂರ್ತಿ ಕೊಟ್ಟರು. ಪಾಸು.

ಮೊಮ್ಮಗಳು ನನ್ನ ಹತ್ತಿರ ಬಂದು ಅಪ್ಪಿಕೊಳ್ಳುತ್ತಾಳೇನೋ ಎಂದು ಮೇಡಂ ನೋಡುತ್ತಿದ್ದರು. ಅವಳು ಬಂದು ರೊಟ್ಟಿಯ ಬುಟ್ಟಿ ನೋಡಿ, "ಇವು ಯಾಕ ಇಷ್ಟು ದಪ್ಪ ಆಗ್ಯಾವ ಆಯಿ?" ಅಂದಳು. ನಾನು, ತಿನ್ನು ಸುಮ್ಮನೆ, ಅಂದೆ.

ನನಗೂ ಶಿಕ್ಷೆ ಆಯಿತು. ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ಪರೀಕ್ಷೆಗೆ ಒಬ್ಬ ರೋಗಿ ಬೇಕು, ಕಲ್ಲು ಎತ್ತಿದವರೇ ಮಲಗಲಿ ಎಂದರು ದೊಡ್ಡ ಸರ್. ಒಂದೇ ಮಧ್ಯಾಹ್ನದಲ್ಲಿ ನಾಲ್ಕು ತಂಡದವರ ಕೈಯಲ್ಲಿ ನನ್ನ ಕಾಲು ನಾಲ್ಕು ಸಲ ಮುರಿಯಿತು. ನರಳಬೇಕು ಎಂದು ಒಬ್ಬ ಹುಡುಗ ಹೇಳಿಕೊಟ್ಟ. ಐದು ಹೆರಿಗೆಯಲ್ಲಿ ನರಳದವಳು ನಿನ್ನ ಸಲುವಾಗಿ ನರಳುತ್ತೇನೇನು ಅಂದೆ. ಮೊಮ್ಮಗಳ ಸರದಿ ಬಂದಾಗ ಕಾಲಿಗೆ ಎರಡು ಕಡೆ ಕೋಲಿಟ್ಟು ಕಟ್ಟಿದಳು. ಗಂಟು ಜಾರುವಂಥದಲ್ಲ, ಬಿಚ್ಚಲು ಬರುವಂಥದು. ಕಲಿತಿದ್ದಳು. ಅಂಗಿಗಳ ತೋಳಿಗೆ ಬಿದಿರು ತೂರಿಸಿ ಡೋಲಿ ಮಾಡಿ ಆರು ಜನ ನನ್ನನ್ನು ಮೈದಾನ ಸುತ್ತಿಸಿದರು. ಮದುವೆಯಲ್ಲೂ ನನ್ನನ್ನು ಯಾರೂ ಹೀಗೆ ಹೊತ್ತಿರಲಿಲ್ಲ. ಇನ್ನೊಂದು ಸುತ್ತು ಹೊಡೆಸಿರಿ ಎಂದು ನಾನೇ ಹೇಳಿದೆ.

ಸಂಜೆ ಬಸ್ಸಿಗೆ ಹೊರಟಾಗ ದೊಡ್ಡ ಸರ್ ನಮ್ಮ ಜೊತೆಗೇ ಬಂದರು, ಆ ಐದು ಕಲ್ಲು ನನ್ನವು, ಪ್ರತಿ ವರ್ಷ ಅವನ್ನೇ ಬಳಸುತ್ತೇನೆ, ಚೀಲಕ್ಕೆ ಹಾಕಿಕೊಂಡು ಹೋಗುತ್ತೇನೆ ಎಂದು. ಬೇವಿನ ಗಿಡದ ಹತ್ತಿರ ಬಂದೆವು. ಕಲ್ಲುಗಳ ಹಣೆಗೆ ಕುಂಕುಮ ಹತ್ತಿತ್ತು. ಮುಂದೆ ಅರ್ಧ ತೆಂಗಿನಕಾಯಿ, ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಯಾರು ಮಾಡಿದರೋ, ಹೊಲಕ್ಕೆ ಹೋಗಿ ಬರುವವರು.

ದೊಡ್ಡ ಸರ್ ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿದರು. ಆಮೇಲೆ ಚಪ್ಪಲಿ ಬಿಟ್ಟು ಕೈ ಮುಗಿದು ಮುಂದೆ ನಡೆದರು. ಬರುವ ವರ್ಷ ಸುಣ್ಣ ಹಚ್ಚುವುದಿಲ್ಲ ಎಂದಷ್ಟೇ ಹೇಳಿದರು.

ಬಸ್ಸಿನಲ್ಲಿ ಮೊಮ್ಮಗಳು ನನ್ನ ಸೀಟಿನಲ್ಲೇ ಕೂತಳು.